ಎಡ ಮೊಣಕಾಲಿನ ಗುಟ್ಟು

ಏಪ್ರಿಲ್ 18, ಶನಿವಾರ. ಮಿಯಾಪುರ.

ಯಾರು ಹೇಳಿಕೊಟ್ಟರು? ಬಾಸ್ಕೆಟ್‌ಬಾಲ್ ಲೀಗಿನ ಸೆಮಿಫೈನಲ್ಲಿನ ಮೂರು ಆಟಗಳಲ್ಲಿ ಮೊದಲನೆಯದನ್ನು ಇವತ್ತು ಸೋತದ್ದಕ್ಕಿಂತ ಇದೇ ಕೊರೆಯುತ್ತಿದೆ. ನೋವಿರುವುದು ನನ್ನ ಎಡ ಮೊಣಕಾಲಿನಲ್ಲಿ. ಎದುರಿನವರನ್ನು ಮೋಸಗೊಳಿಸಲೆಂದೇ ಬಲಗಾಲಿಗೆ ಪಟ್ಟಿ ಕಟ್ಟಿದ್ದೆ. ಆದರೂ ಪುಣೆ ತಂಡದ ಒಂಬತ್ತನೇ ನಂಬರಿನವಳು, ರೆಫರಿ ಅತ್ತ ತಿರುಗಿದಾಗಲೆಲ್ಲ, ಎಡಗಾಲಿಗೇ ಗುದ್ದಿದಳು.

ಗುಟ್ಟು ಗೊತ್ತಿದ್ದದ್ದು ನಮ್ಮ ತಂಡದ ಮಾನ್ಯಾಳಿಗೆ ಮಾತ್ರ. ತಂಡದ ಹಾಸ್ಟೆಲ್ಲಿನಲ್ಲಿ ಇದೇ ಕೋಣೆಯವಳು, ನನ್ನ ಹಾಗೇ ಈ ಊರಿನ ಕುಷಾಯಿಗೂಡ ಬಡಾವಣೆಯ ಕನ್ನಡದ ಹುಡುಗಿ. ನಾನು ಹೊರಗೆ ಕೂತರೆ ನನ್ನ ಜಾಗ ಅವಳಿಗೇ. ಐಸ್ ತಂದುಕೊಟ್ಟು, "ನನ್ನ ಮ್ಯಾಲ ಯಾಕ ಸಿಟ್ಟು?" ಎಂದಳು.

"ಪುಣೆಯವರ ಕೂಡ ಏನ್ ಮಾತಾಡಿದಿ?" ಎಂದೆ.

ಮುಸುಕೆಳೆದು ಮಲಗಿದಳು. ಕಳ್ಳಿ ಎಂದುಕೊಂಡೆ.

ಈಗ ಐಸ್ ಒತ್ತಿಕೊಂಡು ಕೂತಾಗ ನೆನಪಾಯಿತು. ಕೊನೆಗೆ ನಾನು ಬಿದ್ದಾಗ ಆ ಒಂಬತ್ತನೇ ನಂಬರಿನವಳೇ ಕೈಹಿಡಿದು ಎಬ್ಬಿಸಿ, "ಭಾಳ ಪೆಟ್ಟಾತೇನ್ರಿ?" ಎಂದಿದ್ದಳು. ಕನ್ನಡದಲ್ಲಿ! ಸಿಟ್ಟಿನಲ್ಲಿ ಆಗ ಹೊಳೆಯಲೇ ಇಲ್ಲ. ಪುಣೆಯವರಿಗೆ ಏನು ತಿಳಿದೀತು ಎಂದು, ಆಟದ ಶುರುವಿನಲ್ಲೇ ಬೆಂಚಿನಲ್ಲಿದ್ದ ಮಾನ್ಯಾಳಿಗೆ ನಾನೇ ಕೂಗಿದ್ದೆ: "ಎಡಗಾಲ ಊರಾಕ ಆಗವಲ್ದು!" ಈ ತೆಲುಗು ಊರಲ್ಲಿ ಗುಟ್ಟು ಹೇಳಲು ನಮಗಿದ್ದದ್ದು ಅದೊಂದೇ ಭಾಷೆ.

ಮಾನ್ಯಾ ಇನ್ನೂ ನಿದ್ದೆ ಮಾಡಿಲ್ಲ, ಮುಸುಕಿನೊಳಗೆ ಮೂಗೆಳೆಯುವುದು ಕೇಳುತ್ತಿದೆ. ಮುಸುಕು ಸರಿಸಿ ತಪ್ಪಾಯಿತು ಎನ್ನಬೇಕು. ಆಮೇಲೆ ಸೋಮವಾರ ಇದೇ ಪುಣೆಯವರ ಜೊತೆಗಿನ ಎರಡನೇ ಆಟದ ಮಾತು. ಶುರುವಾದ ಕೂಡಲೇ ಬೆಂಚಿನ ಕಡೆ ತಿರುಗಿ, ಒಂಬತ್ತನೇ ನಂಬರಿಗೆ ಚೆನ್ನಾಗಿ ಕೇಳುವ ಹಾಗೆ ಕಿರುಚುತ್ತೇನೆ: "ಎಡಗಾಲ ಆರಾಮಾತು, ಮಾನ್ಯಾ, ಈಗ ಬಲಗಾಲ ಹೋತು!"