ಬರ್ತೀವಿ ಅಂದದ್ದು ಯಾರಿಗೆ?

ಗುರುವಾರ, ಸಂಜೆ
ಹೊಲಿಗೆ ಯಂತ್ರದ ಪಕ್ಕದಿಂದ

ನನ್ನ ಬಂಗಾರದ ಪುಟ್ಟಿಗೆ,

ಮೊದಲು ಊಟ ಮಾಡು, ಆಮೇಲೆ ಇದನ್ನು ಓದು. ಆಸ್ಪತ್ರೆಯಲ್ಲಿ ಊರವರಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ನುಂಗಿಸುವ ನರ್ಸಮ್ಮ ತಾನು ಮಾತ್ರ ಹಸಿದುಕೊಂಡೇ ಇರುತ್ತಾಳೆಂದು ನನಗೆ ಗೊತ್ತಿಲ್ಲವೇ?

ಕೇಸು ಗೆದ್ದೆವು ಕಣೇ. ನಮ್ಮ ಬೆಟ್ಟ ನಮಗೆ ಬಂತು. ಫೋನಿನಲ್ಲಿ ಹೇಳೋಣವೆಂದರೆ ನಾನು ಅಳುತ್ತೇನೆ, ಯಾರೋ ಸತ್ತರೆಂದು ನೀನು ಹೆದರುತ್ತೀಯ. ಅದಕ್ಕೇ ಈ ಕಾಗದ.

ಆದಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಬೇಕಾದರೆ ಅವರ ಒಪ್ಪಿಗೆ ಬೇಕು ಎನ್ನುತ್ತದೆ ಕಾನೂನು. ನಾವು ಒಪ್ಪಿದ್ದೆವು ಎನ್ನಲು ಸರ್ಕಾರದ ಬಳಿ ಇದ್ದದ್ದು ನಿನ್ನ ಅಪ್ಪನ ಬಾಯಿಂದ ಬಿದ್ದ ಒಂದೇ ಒಂದು ಮಾತು. ನೀನಾಗ ನನ್ನ ಸೊಂಟದ ಮೇಲಿದ್ದೆ. ಲಾರಿಗಳು ಬಂದು ನಿಂತಿದ್ದವು, ಸುತ್ತ ಲಾಠಿ ಹಿಡಿದವರು. ಊರಿನ ಯಜಮಾನರಾದ್ದರಿಂದ ಅಪ್ಪ ಎಲ್ಲರಿಗಿಂತ ಕೊನೆಗೆ ಹೊರಟರು. ಹೊರಡುವಾಗ 'ಬರ್ತೀವಿ' ಅಂದರು. ಪಕ್ಕದಲ್ಲಿದ್ದ ಅಧಿಕಾರಿ 'ಬರಲು ಒಪ್ಪಿದರು' ಎಂದು ಬರೆದುಕೊಂಡ. ಅಂದಿನಿಂದ, ನಮ್ಮನ್ನು ತಂದಿಳಿಸಿದ ಈ ಕಾಲೊನಿಯಲ್ಲಿ ಅವರಿಗೆ ಒಪ್ಪಿದಪ್ಪ ಎಂದೇ ಹೆಸರು. ಅವರು ನಲ್ಲಿಯ ಹತ್ತಿರ ಬಂದರೆ ಜನ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋಗುತ್ತಿದ್ದುದನ್ನು ನೀನೂ ಕಂಡಿದ್ದೀಯ.

ಹೋದ ತಿಂಗಳು ಅಪ್ಪನನ್ನು ಕಟಕಟೆ ಹತ್ತಿಸಿದ್ದರು. ಬರ್ತೀವಿ ಅಂದಿರೋ ಇಲ್ಲವೋ ಎಂದು ಸರ್ಕಾರಿ ವಕೀಲರು ಪಟ್ಟು ಹಿಡಿದರು. ನಿನ್ನ ಅಪ್ಪನಿಗೆ ಸುಳ್ಳು ಹೇಳಲು ಬಂದಿದ್ದರೆ ನಮ್ಮ ಸಂಸಾರ ಎಂದೋ ಉದ್ಧಾರ ಆಗುತ್ತಿತ್ತು. ಹೌದು, ಅಂದೆ ಎಂದುಬಿಟ್ಟರು! ಆಗ ನಮ್ಮ ವಕೀಲೆ ಎದ್ದು, ಯಾರಿಗೆ ಅಂದಿರಿ ಎಂದು ಕೇಳಿದರು.

"ಮನೆಗೆ ಅಂದೆ ತಾಯಿ. ಬಾಗಿಲು ಎಳ್ಕೊಂಡು ಅಂದೆ. ಹುಟ್ಟಿದ ಮನೆಗೆ ಯಾರಾದ್ರೂ ಹೋಗ್ತೀವಿ ಅಂತ ಹೇಳ್ತಾರಾ?"

ನ್ಯಾಯಾಧೀಶರಮ್ಮ ಕನ್ನಡಕ ತೆಗೆದು, ಬೆಳಿಗ್ಗೆ ಮನೆ ಬಿಡುವಾಗ ನೀವೇನು ಹೇಳುತ್ತೀರಿ ಎಂದು ಸರ್ಕಾರಿ ವಕೀಲರನ್ನೇ ಕೇಳಿದರು. ಪಾಪ, ಅವರು ತಲೆ ಕೆರೆದುಕೊಂಡು, ಬರ್ತೀನಿ ಅಂತೀನಿ ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ.

ಇವತ್ತು ತೀರ್ಪು ಓದಿದರು. ಅದು ಒಪ್ಪಿಗೆಯಲ್ಲ, ಮರಳಿ ಬರುತ್ತೇವೆಂಬ ಮಾತು ಎಂದರು. ಅಪ್ಪ ಒಪ್ಪಿದ್ದರೂ ಅದು ಊರಿನ ಒಪ್ಪಿಗೆ ಆಗುತ್ತಿರಲಿಲ್ಲ, ಇನ್ನೊಬ್ಬರ ಪರವಾಗಿ ಒಪ್ಪುವ ಹಕ್ಕು ಯಾರಿಗೂ ಇಲ್ಲ ಎಂದೂ ಸೇರಿಸಿದರು.

ಹೊರಗೆ ಬಂದರೆ ನಿನ್ನ ಸೋದರಮಾವ ನಿಂತಿದ್ದ. ಇಷ್ಟು ವರ್ಷ ನಮ್ಮ ಹೊಸ್ತಿಲು ತುಳಿಯದ ಮಹಾರಾಯ! ಅಪ್ಪ ತಪ್ಪಾಗಿ ಹಾಕಿಕೊಂಡಿದ್ದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಸರಿಮಾಡಿ, ಬನ್ನಿ ಭಾವ, ಟೀ ಕುಡಿಯೋಣ ಎಂದ. ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತು ಗಳಗಳ ಅತ್ತರು. ನಾನಂತೂ ಸೆರಗು ಹಿಂಡುವಷ್ಟು ಅತ್ತೆ. ನೀನು ಪಕ್ಕದಲ್ಲಿರಬೇಕಿತ್ತು ಎಂದು ತುಂಬಾ ಅನ್ನಿಸಿತು.

ಹೊತ್ತಿಗೆ ಸರಿಯಾಗಿ ತಿನ್ನು, ನಿದ್ದೆಗೆಡಬೇಡ.

ಇನ್ನು ಮೇಲೆ ಒಪ್ಪಿದಪ್ಪನ ಹೆಂಡತಿಯಲ್ಲ, ಬರೀ ಯಜಮಾನರ ಹೆಂಡತಿಯಾದ,
ನಿನ್ನ ಅಮ್ಮ

ಮರೆತೇಬಿಟ್ಟಿದ್ದೆ: ಬೆಟ್ಟಕ್ಕೆ ಮರಳುವವರು ಕೈ ಎತ್ತಿ ಎಂದರು ನ್ಯಾಯಾಧೀಶರು. ನಾನು ಎರಡೂ ಕೈ ಎತ್ತಿದೆ. ಎರಡೇಕಮ್ಮ ಎಂದರು. ಇನ್ನೊಂದು ನನ್ನ ಮಗಳದು ಎಂದೆ. ಬೆಳೆದ ಮಗಳ ಒಪ್ಪಿಗೆಯನ್ನು ಅವಳೇ ಕೊಡಬೇಕಲ್ಲವೇ ಎಂದು ನಕ್ಕರು. ನಾಚಿಕೆಯಾಗಿ ಒಂದು ಕೈ ಇಳಿಸಿದೆ. ನಿನಗೆ ಆ ಊರೇ ಊರಾಗಿದ್ದರೆ ಹಾಗೇ ಹೇಳು ಪುಟ್ಟಿ, ಬೇಜಾರು ಮಾಡಿಕೊಳ್ಳುತ್ತೇನೆ, ಆದರೆ ಸಾಯುವುದಿಲ್ಲ. ನಾನು ಕೈ ಇಳಿಸಿದ್ದನ್ನು ಅಪ್ಪ ನೋಡಿಲ್ಲ. ನಿನ್ನ ಕೋಣೆಗೆ ಕಿಟಕಿ ಯಾವ ಕಡೆ ಇಡಲಿ ಎಂದು ಆಗಲೇ ಕೇಳುತ್ತಿದ್ದಾರೆ.