ಕೆಂಪು ಪಟ್ಟಿ

ಮಾರ್ಚ್ ೧೧, ಬುಧವಾರ
ಶಿಕ್ಷಕರ ಕೊಠಡಿ, ಎರಡನೇ ಮಹಡಿ

ಪ್ರೀತಿಯ ಗಿಳಿ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನು ಇದನ್ನು ಹರಿದುಹಾಕಿಲ್ಲವೆಂದರೆ ಅದೇ ನನ್ನ ಪುಣ್ಯ. ವಿಳಾಸ ಕೊಟ್ಟವರು ನಿನ್ನ ಅಮ್ಮ. ಎರಡು ಸಲ ನನ್ನ ದನಿ ಕೇಳಿದ್ದೇ ಫೋನ್ ಇಟ್ಟುಬಿಟ್ಟರು. ಮೂರನೇ ಸಲ, ನೀನು ನೂಲಿನ ಕಾರ್ಖಾನೆಯಲ್ಲಿದ್ದೀಯ ಎಂದು ಹೇಳಿ, "ಅಲ್ಲಿ ಮಿಷನ್ ಸದ್ದಿಗೆ ಯಾರೂ ಮಾತಾಡೋ ಹಾಗೇ ಇಲ್ವಂತೆ. ಅದೇ ಹಿತ ಅಂತಾಳೆ" ಎಂದರು. ವಿಳಾಸ ಬರೆದುಕೊಂಡು ಫೋನ್ ಇಟ್ಟೆ.

ವಿಮಾನ ನಿಲ್ದಾಣದ ಗೋಪುರದ ಕೆಲಸ ಬಿಟ್ಟು ಮೂರು ವರ್ಷವಾಯಿತು. ನಾವು ಓದಿದ ವಿಶ್ವವಿದ್ಯಾಲಯದಲ್ಲೇ, ಅದೇ ವಿಭಾಗದಲ್ಲಿ ಪಾಠ ಮಾಡುತ್ತಿದ್ದೇನೆ. ಪಾಳಿ ಒಗ್ಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜವೆಂದರೆ, ರೇಡಿಯೋದಲ್ಲಿ ರನ್‌ವೇ ತಪಾಸಣೆಯ ಜೀಪಿನವರ ದನಿ ಬಂದರೆ ಸಾಕು, ನನ್ನ ನಾಲಿಗೆ ಅಂಟಿಕೊಳ್ಳುತ್ತಿತ್ತು. ಇಲ್ಲಿ ಅಣಕು ಗೋಪುರದ ಕೋಣೆ ಹಾಗೇ ಇದೆ. ಅರ್ಧಚಂದ್ರಾಕಾರದ ಪರದೆ, ಅದರ ಮೇಲೆ ಸುಳ್ಳು ಆಕಾಶ, ಒಂದು ಕೈ ಮುರಿದ ಕುರ್ಚಿ. ಅದರಲ್ಲಿ ಕೂತೇ ನೀನು ನಾಲ್ಕು ವರ್ಷವೂ ಮೊದಲಿಗಳಾದೆ, ನಾನು ಎರಡನೆಯವಳು. ಪೈಲಟ್ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದೆ ಎಂದು ನಿನಗೆ ಗಿಳಿ ಎಂದು ಹೆಸರಿಟ್ಟರು. ಮೈಕ್ ಮುಂದೆ ಬಾಯಿ ಬಿಡದ ನಾನು ಗುಮ್ಮನಗುಸುಕಿ, ಹಾಸ್ಟೆಲ್ಲಿನ ಬಾಯಲ್ಲಿ ಸವೆದು ಗುಮ್ಮಿ. ಊಟದ ಮೇಜಿನ ಮೇಲೆ ಚಮಚ, ಲೋಟ, ಉಪ್ಪಿನ ಡಬ್ಬಿಗಳನ್ನು ವಿಮಾನ ಮಾಡಿಕೊಂಡು ನೀನು ಕಲಿಸದಿದ್ದರೆ ಎರಡನೇ ವರ್ಷವೇ ನಾನು ಗಂಟುಮೂಟೆ ಕಟ್ಟಬೇಕಿತ್ತು. ಇದನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ಬರೆಯಲು ಕಾರಣ ಒಬ್ಬ ವಿದ್ಯಾರ್ಥಿನಿ. ನಮ್ಮ ಆ ಬೆಳಗಿನ ಅಪಘಾತ ಈಗ ಪಠ್ಯದಲ್ಲಿದೆ, ಗಿಳಿ. ಹೆಸರಿಲ್ಲ, "ತರಬೇತಿಯಲ್ಲಿದ್ದ ನಿಯಂತ್ರಕಿ" ಎಂದಷ್ಟೇ ಇದೆ. ಎರಡು ತಂಡಗಳಿಗೆ ನಾನೇ ಅದನ್ನು ಪಾಠ ಮಾಡಿದ್ದೆ. ಕಣ್ಣೆದುರಿಗಿರುವ ಸೂಚನೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಎಂದು, ಬೋರ್ಡಿನ ಮೇಲೆ ಗೆರೆ ಎಳೆದು, ನಿನ್ನನ್ನು ತೋರಿಸಿದ್ದೆ. ಕಳೆದ ವಾರ ಮೂರನೇ ತಂಡ. ಎರಡನೇ ಬೆಂಚಿನ ಹುಡುಗಿ ಎದ್ದು, "ಮೇಡಂ, ಪಕ್ಕದಲ್ಲಿ ಕೂತಿದ್ದೋರು ಏನ್ ಮಾಡ್ತಿದ್ರು?" ಎಂದಳು. ಅವರು ತಮ್ಮ ಕೆಲಸ ಮಾಡಿದ್ದರು, ವರದಿಯಲ್ಲಿ ಹಾಗಿದೆ ಎಂದೆ. ಅವಳು ಕೂರಲಿಲ್ಲ. "ಹಾಗಾದ್ರೆ ಒಂದು ಮಾತು ಹೇಳ್ಬಹುದಿತ್ತಲ್ಲ?"

ಗಂಟೆಯಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ತರಗತಿ ಮುಗಿಯಿತು ಎಂದು ಹೊರಗೆ ಬಂದೆ.

ಆ ಬೆಳಗು ನಿನಗೆ ನನ್ನಷ್ಟೇ ನೆನಪಿರುತ್ತದೆ, ಆದರೂ ಬರೆಯುತ್ತೇನೆ. ಮೈಕ್ ನಿನ್ನದು. ಜೀಪಿನ ರೇಡಿಯೋ ಮತ್ತು ರನ್‌ವೇಯಲ್ಲಿ ಏನಿದೆ ಎಂದು ತೋರಿಸುವ ಬಣ್ಣದ ಪಟ್ಟಿಗಳ ಚೌಕಟ್ಟು ನನ್ನದು. ನಮಗೆ ತರಬೇತಿ ಕೊಡುತ್ತಿದ್ದ ಮೇಷ್ಟ್ರು ನಮ್ಮ ಹಿಂದೆ, ನಮಗೆ ಬೆನ್ನು ಹಾಕಿ, ದಿನಚರಿ ಪುಸ್ತಕ ಬರೆಯುತ್ತಿದ್ದರು. ಜೀಪಿನ ಮಾವ ಕರೆದ, "ರನ್‌ವೇ ಮೇಲೆ ಹೋಗ್ಲಾ ತಾಯಿ?" ಎಂದು. ರನ್‌ವೇಯಲ್ಲಿ ಒಂದು ಮೊಳೆ ಸಿಕ್ಕರೂ ಗೋಪುರದ ತನಕ ಹತ್ತಿ ಬಂದು "ಇವತ್ತಿನ ಬೇಟೆ" ಎಂದು ತೋರಿಸುತ್ತಿದ್ದ ಮನುಷ್ಯ. ನಿನ್ನನ್ನು ಕೇಳಿದೆ. ನೀನು, ಹೋಗಲು ಬಿಡು ಎಂದೆ. ನಾನು ಬಿಟ್ಟೆ. ಆಗ ರನ್‌ವೇ ಖಾಲಿಯಿಲ್ಲ ಎಂಬ ಕೆಂಪು ಪಟ್ಟಿಯನ್ನು ನಿನ್ನ ಕಣ್ಣೆದುರಿನ ಚೌಕಟ್ಟಿಗೆ ಸೇರಿಸಬೇಕಾದವಳು ನಾನು. ಅಷ್ಟರಲ್ಲಿ ನಿನಗೆ ಮೂರು ವಿಮಾನಗಳು ಒಟ್ಟಿಗೆ ಕರೆದವು. ಎದುರು ಬಿಸಿಲು, ರನ್‌ವೇಯ ಆ ತುದಿ ಬರೀ ಬೆಳ್ಳಗೆ ಕಾಣುತ್ತಿತ್ತು. ನೀನು ಚೌಕಟ್ಟು ನೋಡಿದೆ, ಕೆಂಪು ಕಾಣಲಿಲ್ಲ, ಸರಕಿನ ವಿಮಾನಕ್ಕೆ ಇಳಿಯಲು ಅನುಮತಿ ಕೊಟ್ಟೆ. ಕಲಿಸಿದ ಹಾಗೇ ಮಾಡಿದೆ.

ಪಟ್ಟಿ ಇಡಲು ನಾನು ಮರೆತಿದ್ದೆ, ಗಿಳಿ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದೆ, ತಲೆ ಸಿಡಿಯುತ್ತಿತ್ತು.

ವಿಮಾನ ಜೀಪಿಗೆ ಬಡಿದ ಸದ್ದಾದ ಮೇಲೆ ಮೇಷ್ಟ್ರು ಮೈಕ್ ಕಿತ್ತುಕೊಂಡರು. ನೀನು ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದೆ. ಎಲ್ಲರ ಕಣ್ಣು ಹೊಗೆಯ ಕಡೆಗಿತ್ತು. ಆಗ ನಾನು ಪಟ್ಟಿಯನ್ನು ಚೌಕಟ್ಟಿನಲ್ಲಿ ಇಟ್ಟೆ. ವಿಚಾರಣೆಯವರು ಬಂದು ಫೋಟೋ ತೆಗೆದುಕೊಂಡಾಗ ಅದು ಅಲ್ಲಿತ್ತು. ಪೈಲಟ್‌ಗಳಿಬ್ಬರೂ ಬದುಕಿದರು. ಜೀಪಿನ ಮಾವ ಉಳಿಯಲಿಲ್ಲ, ಅವನ ಮನೆಯವರಿಗೆ ಮುಖ ನೋಡಲೂ ಬಿಡಲಿಲ್ಲ.

ಪಟ್ಟಿ ಇರಲಿಲ್ಲ ಎಂದು ನೀನು ಮೂರು ಸಲ ಹೇಳಿದೆಯಂತೆ. ಅವರು ಫೋಟೋ ಮುಂದಿಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ನನ್ನ ಕಣ್ಣೇ ನಂಗೆ ಸುಳ್ಳು ಹೇಳ್ತಲ್ಲ ಗುಮ್ಮಿ" ಎಂದೆ. ನಾನು ನಿನ್ನ ಕೈ ಹಿಡಿದುಕೊಂಡೆ. ಮಾಡಿದ್ದರಲ್ಲಿ ಯಾವುದಕ್ಕೆ ಹೆಚ್ಚು ಹೇಸಿಗೆಯಾಗುತ್ತದೆ ಎಂದು ನೀನು ಕೇಳಿದರೆ, ಪಟ್ಟಿ ಇಟ್ಟಿದ್ದಕ್ಕಲ್ಲ, ಆ ಕೈ ಹಿಡಿದಿದ್ದಕ್ಕೆ.

ನಿನ್ನನ್ನು ತೆಗೆದರು. ತರಬೇತಿಯ ಕೊನೆಗೆ ನಮ್ಮಿಬ್ಬರಲ್ಲಿ ಒಬ್ಬಳಿಗೆಂದು ಗೋಪುರದಲ್ಲಿ ಇದ್ದ ಒಂದೇ ಜಾಗ ನನಗೆ ಬಂತು. ಅಪ್ಪ ಊರಿಗೆಲ್ಲ ಸಿಹಿ ಹಂಚಿದರು. ನಾನೂ ತಿಂದೆ.

ಮೊನ್ನೆ ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿದರು. ಕಡತ ಮುಚ್ಚಿ ಆರು ವರ್ಷವಾಯಿತು, ಸತ್ತವರು ಎದ್ದು ಬರುವುದಿಲ್ಲ, ಆ ಹುಡುಗಿಯೂ ಎಲ್ಲೋ ನೆಲೆ ನಿಂತಿರುತ್ತಾಳೆ, ನೀನು ಯಾಕೆ ಕೆರೆದು ಹುಣ್ಣು ಮಾಡಿಕೊಳ್ಳುತ್ತೀಯ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒಂದು ಗಳಿಗೆ ನನಗೂ ಹೌದೆನಿಸಿತು, ಸುಳ್ಳೇಕೆ. ನಿನ್ನೆ ವಿಚಾರಣಾ ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ಗುಮಾಸ್ತ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಮುದ್ರೆ ಒತ್ತಿದ. ಅದರ ಪ್ರತಿ ಇದರೊಂದಿಗಿದೆ. ನಿನ್ನ ಹೆಸರಿಗೆ ಅಂಟಿದ ಕಳಂಕ ಹೋಗಬಹುದು. ಮತ್ತೆ ಕೆಲಸಕ್ಕೆ ಕರೆದರೂ ಕರೆಯಬಹುದು. ನನ್ನನ್ನು ಇಂದಿನಿಂದ ತರಗತಿಗೆ ಹೋಗಬೇಡ ಎಂದಿದ್ದಾರೆ. ಮೇಜಿನ ಖಾನೆ ಖಾಲಿ ಮಾಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಕಣ್ಣು ನಿನಗೆ ಸುಳ್ಳು ಹೇಳಿರಲಿಲ್ಲ. ಇಷ್ಟು ನಿನಗೆ ತಲುಪಬೇಕಿತ್ತು.

ಇಂತಿ,
ಗುಮ್ಮಿ

ಮರೆತ ಮಾತು: ಸಹಿ ಹಾಕಿ, ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ಹೇಳಿಕೆಯಲ್ಲೂ ಈ ಪತ್ರದಲ್ಲೂ ಮರೆತೆ ಎಂದು ಬರೆದೆ. ಮರೆತಿರಲಿಲ್ಲ. ಪಟ್ಟಿ ನನ್ನ ಎಡಗೈಯಲ್ಲಿತ್ತು. ಜಾಗ ಗಿಳಿಗೇ ಎಂದು ಮೇಷ್ಟ್ರು ಆ ಬೆಳಿಗ್ಗೆ ಮೆಟ್ಟಿಲ ಬಳಿ ನನಗೆ ಹೇಳಿದ್ದರು. ಪಟ್ಟಿ ಇಲ್ಲದಿದ್ದರೂ ಇವಳಿಗೆ ನೆನಪಿರುತ್ತದೋ ನೋಡೋಣ, ಒಂದೇ ಒಂದು ಸಲ ತಪ್ಪಲಿ, ಅವರು ಕಣ್ಣಾರೆ ಕಾಣಲಿ ಎಂದುಕೊಂಡೆ. ನೀನು ಅನುಮತಿ ಕೊಟ್ಟಾಗ, ಮೇಷ್ಟ್ರು ಈಗ ತಿರುಗುತ್ತಾರೆ, ಆಗ ಹೇಳೋಣ ಎಂದು ಕಾದೆ. ಅವರು ತಿರುಗಲಿಲ್ಲ. ಆಮೇಲೆ ನನಗೆ ದನಿ ಹೊರಡಲಿಲ್ಲ. ಇದು ಕಚೇರಿಯವರಿಗೆ ಗೊತ್ತಿಲ್ಲ. ಈ ಹಾಳೆ ನಿನ್ನ ಹತ್ತಿರ ಇರಲಿ. ಯಾರಿಗೆ ಬೇಕಾದರೂ ತೋರಿಸು. ಬರೆದವಳು ನಾನಲ್ಲ ಎನ್ನುವುದಿಲ್ಲ.