ಏಳನೇ ಕೋಣೆಯ ಬಿಳಿ ಬಟ್ಟೆ

ಮೇ 6, ಮಂಗಳವಾರ

ವಾಲ್ಪರೈಸೊದಿಂದ ಬರುವ ಬಸ್ಸು ಇವತ್ತು ನನ್ನನ್ನು ಈ ಕಡಲೂರಿಗೆ ಬೇಗ ತಂದಿಳಿಸಿತು. ಶಾಲೆಯಲ್ಲಿ ಇನ್ನೂ ಯಾರೂ ಇಲ್ಲ. ಏಳನೇ ಕೋಣೆಯ ಬೀಗ ತೆಗೆದಾಗ ಕಂಡದ್ದು — ಬಿಳಿ ಬಟ್ಟೆ ಬಾಗಿಲಿನ ಒಳಗಡೆಯ ಹಿಡಿಗೆ ಕಟ್ಟಿತ್ತು. ನಿನ್ನೆ ಸುನಾಮಿ ಡ್ರಿಲ್‌ನಲ್ಲಿ ಮಕ್ಕಳನ್ನೆಲ್ಲ ಗುಡ್ಡಕ್ಕೆ ಹೊರಡಿಸಿ, ಕೋಣೆ ಖಾಲಿ ಎಂಬ ಗುರುತಿಗೆ ಅದನ್ನು ಕಟ್ಟಿದವಳು ನಾನೇ. ಹೊರಗಡೆಯ ಹಿಡಿಗೆ.

ಮುಟ್ಟಿದೆ. ಒದ್ದೆ. ಬೆರಳು ಮೂಸಿದರೆ ಸಮುದ್ರದ ವಾಸನೆ.

ಹುಡುಗರ ತಮಾಷೆ ಇರಬೇಕು. ಸಾಹಿತ್ಯ ಓದಿದವರಿಗೆ ಎಲ್ಲದರಲ್ಲೂ ಕಥೆ ಕಾಣುತ್ತದೆ...

ಮೇ 8, ಗುರುವಾರ

ಮತ್ತೆ ಡ್ರಿಲ್. ಸೈರನ್ ಕೂಗಿತು, ಎಲ್ಲರೂ ಎದ್ದರು. ಕೊನೆಯ ಬೆಂಚಿನ ನಯಾರೆತ್ ಮಾತ್ರ ಏಳಲಿಲ್ಲ. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ. ಆ ವಯಸ್ಸಿನಲ್ಲಿ ನಾನೂ ಹಾಗೇ.

"ಇವಳು ಏಳ್ತಿಲ್ಲ, ಮಿಸ್. ಬಿಟ್ಟು ಹೇಗೆ ಬರ್ಲಿ?" ಎಂದಳು ನಯಾರೆತ್, ಪಕ್ಕಕ್ಕೆ ನೋಡಿ.

ಪಕ್ಕದ ಜಾಗ ಖಾಲಿ. ಅವಳ ಕೈ ಬೆಂಚಿನ ಕೆಳಗೆ ಯಾರದೋ ಕೈ ಹಿಡಿದಂತೆ ಬಿಗಿದಿತ್ತು. ಎಳೆದುಕೊಂಡು ಬಂದೆ. ಗುಡ್ಡ ಹತ್ತಿದವರಲ್ಲಿ ನಾವೇ ಕೊನೆ.

ಶಿಸ್ತು ನೋಡಿಕೊಳ್ಳುವ ಅರಾವೆನಾ ಸರ್ ಎಲ್ಲರೆದುರಿಗೇ: "ಏನ್ ಮಿಸ್, ದಾರೀಲಿ ಕವಿತೆ ಓದ್ಕೊಂಡ್ ಬಂದ್ರಾ? ಅಲೆ ಬಂದ್ರೆ ಚಪ್ಪಾಳೆ ತಟ್ಟಲ್ಲ, ಎಳ್ಕೊಂಡ್ ಹೋಗತ್ತೆ!"

ಮಕ್ಕಳು ನಕ್ಕರು. ನಾನೂ ನಕ್ಕೆ. ಕಿವಿ ಸುಡುತ್ತಿತ್ತು.

ಮೇ 15, ಗುರುವಾರ

ಎಲ್ವಿರಾ ಅತ್ತೆ ಕೋಣೆಗಳನ್ನು ಗುಡಿಸುವವರು. ಮಕ್ಕಳಿಗೂ ನಮಗೂ ಅತ್ತೆಯೇ. ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರುತ್ತ ಅವರೇ ಕೇಳಿದರು:

"ಬಟ್ಟೆ ಒಳಗಡೆ ಇತ್ತಾ?"

"ಯಾರು ಕಟ್ತಾರೆ ಅತ್ತೆ?"

"ಹಿಂದೆ ಆ ಕೋಣೇಲಿ ಯೆಸೇನಿಯಾ ಅಂತ ಇದ್ಲು. ಇದ್ರೂ ಗೊತ್ತಾಗ್ತಿರ್ಲಿಲ್ಲ, ಅಂಥ ಹುಡುಗಿ. ನಿಜವಾದ ಅಲೆ ಬಂದ ದಿನ ಹೆದರಿ ಬೆಂಚಿನ ಕೆಳಗೆ ಅವಿತ್ಕೊಂಡ್ಲು. ಆಗಿನ ಮಿಸ್ ಬಾಗ್ಲಲ್ಲೇ ನಿಂತು ಒಂದ್ಸಲ ಕಣ್ಣಾಡ್ಸಿ ಬಟ್ಟೆ ಕಟ್ಟಿ ಓಡಿದ್ರು. ಬಟ್ಟೆ ಇದ್ದ ಕೋಣೇನ ಯಾರೂ ತೆಗೆದು ನೋಡಲ್ಲ, ಮಿಸ್. ನಾನೂ ನೋಡ್ಲಿಲ್ಲ."

ಬ್ರೆಡ್ಡು ಹಾಗೇ ಉಳಿಯಿತು.

ಮೇ 16, ಶುಕ್ರವಾರ

ನಯಾರೆತ್‌ಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಬೋರ್ಡಿನ ಮೇಲೆ ಒಂದು ಸಾಲು ಬರೆದು ತಿರುಗಿದರೆ ಮತ್ತೆ ಕೊನೆಯ ಬೆಂಚಿನಲ್ಲಿದ್ದಾಳೆ. ಅವಳು ಎದ್ದುಹೋದದ್ದನ್ನು ಯಾರೂ ನೋಡಿಲ್ಲ.

ಮೇ 22, ಗುರುವಾರ, ಸಂಜೆ

ಮಧ್ಯಾಹ್ನ ಭೂಮಿ ನಡುಗಿತು. ಡ್ರಿಲ್ ಅಲ್ಲ, ನಿಜವಾದದ್ದು. ಗಾಜು ಬಿತ್ತು. ಸೈರನ್. ಉಳಿದವರು ಗುಡ್ಡದ ಕಡೆ ಓಡಿದರು. ನಾನೂ ಎಲ್ವಿರಾ ಅತ್ತೆಯೂ ಸೇರಿ ಎಳೆದರೂ ನಯಾರೆತ್ ಜಗ್ಗಲಿಲ್ಲ. ಬೆಂಚಿನ ಕೆಳಗೆ ಬಿಗಿದ ಕೈ ಬಿಡಿಸಲಾಗಲಿಲ್ಲ.

"ಇವಳ ಕೈ ಬೇರೆ ಯಾರಾದ್ರೂ ಹಿಡ್ಕೊಂಡ್ರೆ ಬರ್ತೀನಿ, ಮಿಸ್."

ಅಪಾಯವಿಲ್ಲ ಎಂಬ ಸೂಚನೆ ಬಂದಾಗಲೂ ಮೂವರೂ ಆ ಕೋಣೆಯಲ್ಲೇ ಇದ್ದೆವು. ಅಲೆ ಬರಲಿಲ್ಲ. ಈ ಸಲ.

ಎಲ್ಲರೂ ಮನೆಗೆ ಹೋದ ಮೇಲೆ ಕೊನೆಯ ಬೆಂಚಿನಲ್ಲಿ ಕುಳಿತೆ. ಕೆಳಗೆ ಕೈ ಚಾಚಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ತಣ್ಣನೆಯ, ಒದ್ದೆಯಾದ ಸಣಕಲು ಬೆರಳುಗಳು, ಒಂದೊಂದಾಗಿ... ಹೆದರಿದ್ದು ನಾನಲ್ಲ. ನಡುಗುತ್ತಿದ್ದುದು ಆ ಕೈ.

ಅಂಗೈ ಇನ್ನೂ ಒಣಗಿಲ್ಲ. ಈ ಪುಟವೂ.

ಎಲ್ವಿರಾ ಅತ್ತೆಗೆ ಹೇಳಿದ್ದೇನೆ, ಇನ್ನು ಮೇಲೆ ಸೈರನ್ ಕೂಗಿದರೆ ಮಕ್ಕಳನ್ನು ಅವರೇ ಗುಡ್ಡಕ್ಕೆ ಕರೆದೊಯ್ಯಬೇಕು. ನಯಾರೆತ್ ಎಲ್ಲರಿಗಿಂತ ಮುಂದೆ ನಡೆಯಲಿ. ಬಟ್ಟೆ ಕಟ್ಟುವುದಿಲ್ಲ, ಬಾಗಿಲು ತೆರೆದೇ ಇರುತ್ತದೆ. ಆ ಕೈ ನಾನು ಹಿಡಿಯುತ್ತೇನೆ. ಡ್ರಿಲ್ ಆಗಲಿ, ಅಲೆಯೇ ಆಗಲಿ, ಯೆಸೇನಿಯಾ ಏಳುವವರೆಗೂ —